ಎರಡು ವಾಲ್ವುಗಳ ಆಯಸ್ಸು

ಗಿಟಾರ್ ನುಡಿಸುವ ಹೆಂಗಸಿನ ಆಂಪ್ಲಿಫೈಯರಿನಿಂದ ಎರಡು ಒಳ್ಳೆಯ ವಾಲ್ವುಗಳನ್ನು, ಅಂದರೆ ಒಳಗೆ ತಂತಿ ಉರಿದು ದನಿಯನ್ನು ಹಿಗ್ಗಿಸುವ ಗಾಜಿನ ಬುರುಡೆಗಳನ್ನು, ಕಿತ್ತು ಡಾಕ್ಟರ ಮಗನ ಆಂಪ್ಲಿಫೈಯರಿಗೆ ಹಾಕಲಾಯಿತು. ಕಿತ್ತ ಜಾಗಕ್ಕೆ ಸವೆದ ಎರಡನ್ನು ತುಂಬಿ, ಹಿಂಬದಿಯ ಹಲಗೆಗೆ ಸ್ಕ್ರೂ ಬಿಗಿದು, ರಿಪೇರಿ ಆಯಿತೆಂದು ಹೇಳಿ ಆಕೆಗೆ ಒಪ್ಪಿಸಲಾಯಿತು.

ಅದಾಗಿ ಚಳಿಗಾಲ ಕಳೆದು ಸೆಖೆ ಶುರುವಾಗಿತ್ತು. ಈ ಬೆಳಿಗ್ಗೆ ರಿಪೇರಿ ಅಂಗಡಿಯ ಶಟರ್ ಎತ್ತಿದವನು ಒಳಗೆ ಹೋಗದೆ ಹೊಸ್ತಿಲಲ್ಲೇ ನಿಂತ. ಮೂಲೆಯ ಕಪಾಟಿನ ಮೇಲೆ ಹಳೆಯ ಪರದೆಬಟ್ಟೆ ಹೊದ್ದು ಕುಳಿತ ಡಾಕ್ಟರ ಮಗನ ಆಂಪ್ಲಿಫೈಯರ್ ಪೆಟ್ಟಿಗೆಯೇ ದಿನಾ ಅವನ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು. ಬೀದಿಯಲ್ಲಿ ಬೇಡದ ನೆಂಟ ಎದುರಾದರೆ ತಮ್ಮ ಚಪ್ಪಲಿ ನೋಡಿಕೊಂಡು ನಡೆಯುವವರ ಹಾಗೆ ನೆಲ ನೋಡುತ್ತ ಬೆಂಚಿನವರೆಗೆ ಹೋಗುವುದನ್ನು ಅವನು ರೂಢಿ ಮಾಡಿಕೊಂಡಿದ್ದ. ಡಾಕ್ಟರ ಮಗನಿಗೆ ಆಗ ತುರ್ತಿತ್ತು, ಮಾರನೆಯ ದಿನವೇ ಬೇಕಿತ್ತು. ಆ ಬಗೆಯ ವಾಲ್ವನ್ನು ಈಗ ಮಾಡುವವರೇ ಕಡಿಮೆ, ದೂರದಿಂದ ತರಿಸಬೇಕು, ತರಿಸಿದರೆ ತಿಂಗಳುಗಟ್ಟಲೆ ಕಾಯಬೇಕು. ಅದಕ್ಕೇ ಕಿತ್ತದ್ದು. ಕಿತ್ತು, ಹಾಕಿ, ಒರೆಸಿ ಸಿದ್ಧ ಮಾಡಿಟ್ಟ ಮೇಲೆ ಒಯ್ಯಲು ಯಾರೂ ಬರಲಿಲ್ಲ. ಮೊದಲು ಹುಡುಗನಿಗೆ ಪರೀಕ್ಷೆ ಅಂದರು, ಆಮೇಲೆ ಪ್ರವಾಸ ಅಂದರು, ಆಮೇಲೆ ಏನೂ ಅನ್ನಲಿಲ್ಲ. ಆಕೆಯ ವಾಲ್ವುಗಳು ಅಂದಿನಿಂದ ಕಪಾಟಿನ ಮೇಲೆ ಧೂಳು ಕುಡಿಯುತ್ತ ಆರಾಮವಾಗಿದ್ದವು. ಉರಿಯದ ವಾಲ್ವಿಗೆ ಸಾವಿಲ್ಲ. ವಾಲ್ವುಗಳನ್ನು ಹೇಗೆ ಬಹುಕಾಲ ಬಾಳಿಸಬೇಕು ಎಂದು ಬಂದ ಗಿರಾಕಿಗೆಲ್ಲ ಪಾಠ ಹೇಳುವ ಅವನಿಗೆ ಈ ಒಂದು ಉಪಾಯ ಹೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ.

“ಏನು ಸಾಹೇಬ್ರು, ಒಳಗೆ ದಯಮಾಡಿಸೋಕೆ ಕರೆಯೋಲೆ ಕೊಡ್ಬೇಕಾ?”

ಭಾವ ಮಹಡಿಯಿಂದ ಇಳಿದು ಬಂದಿದ್ದ. ಅಕ್ಕನ ಗಂಡ, ಈ ಅಂಗಡಿಯ ಯಜಮಾನ, ಮೇಲಿನ ಮನೆಯ ಯಜಮಾನ, ಆ ಮನೆಯ ಹಿಂದಿನ ಕೋಣೆಯಲ್ಲಿ ಮಲಗುವ ಇವನಿಗೂ ಯಜಮಾನ. ಸ್ನಾನ ಮಾಡಿದ ಸೋಪಿನ ವಾಸನೆಯ ಜೊತೆಗೆ ಅವನು ಬೆಳಗಿನ ಒಂದು ಹಾಸ್ಯವನ್ನೂ ತಪ್ಪದೆ ತರುತ್ತಿದ್ದ.

“ಡಾಕ್ಟರ ಮನೆಯಿಂದ ಫೋನ್ ಬಂದಿತ್ತು. ಸಂಜೆ ಡ್ರೈವರ್ ಬರ್ತಾನಂತೆ. ಆ ಪೆಟ್ಟಿಗೆ ಇಳಿಸಿ, ಧೂಳು ಹೊಡೆದು, ಒಂದಷ್ಟು ಹೊತ್ತು ಓಡಿಸಿ ನೋಡು. ಇಷ್ಟು ದಿನ ಮಲಗಿತ್ತಲ್ಲ, ಮೈಮುರಿದು ಏಳ್ಲಿ.”

“ಹೂಂ ಭಾವ.”

ಈ ಎರಡು ಶಬ್ದಗಳಲ್ಲಿ ಅವನ ಸಂಸಾರವೆಲ್ಲ ನಡೆಯುತ್ತಿತ್ತು. ಹೂಂ ಭಾವ ಅಂದರೆ ಊಟ, ಹೂಂ ಭಾವ ಅಂದರೆ ಹಾಸಿಗೆ. ಒಮ್ಮೆ ಭಾವನ ಗೆಳೆಯರ ಎದುರು, ‘ನಮ್ಮ ಭಾಮೈದನಿಗೆ ಮಾತು ಬರಲ್ಲ ಅಂದ್ಕೊಂಡ್ರಾ, ಬರತ್ತೆ, ಎರಡು’ ಎಂದು ಭಾವ ನಗಿಸಿದ್ದ. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವನು ಇವನೇ. ಆ ನಗು ನೆನಪಾದಾಗ ಈಗಲೂ ಕಿವಿಯ ತುದಿ ಬಿಸಿಯಾಗುತ್ತದೆ. ನಗಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಾಗಿತ್ತು. ಅಷ್ಟು ಸಣ್ಣ ಕೆಲಸವೂ ಅವತ್ತು ತನ್ನಿಂದ ಆಗಲಿಲ್ಲವಲ್ಲ ಎಂದುಕೊಳ್ಳುತ್ತ ಅವನು ಪೆಟ್ಟಿಗೆಯನ್ನು ತಬ್ಬಿ ಇಳಿಸಿದ. ಅದು ಅವನ ಎದೆಗೆ ಒರಗಿತು, ತಣ್ಣಗೆ, ಮನೆಯವರ ಮರೆವಿಗೆ ಒಗ್ಗಿಹೋದ ಮುದುಕರ ಹಾಗೆ. ಹಿಂಬದಿಯ ಹಲಗೆ ಬಿಚ್ಚಿದರೆ ಎರಡು ವಾಲ್ವುಗಳೂ ತಲೆಕೆಳಗಾಗಿ ತೂಗುತ್ತ ಅವನನ್ನು ನೋಡಿದವು. ಗಾಜಿನ ತಲೆಯಲ್ಲಿನ ಬೆಳ್ಳಿ ಲೇಪ ಹೊಸ ಕನ್ನಡಿಯಂತೆ ಇನ್ನೂ ಹೊಳೆಯುತ್ತಿತ್ತು. ಸವೆದವುಗಳಲ್ಲಿ ಆ ಲೇಪದ ಅಂಚು ಕಂದಿ, ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ. ಅಂಥ ಎರಡನ್ನು ಅವನೇ ಆರಿಸಿದ್ದ.

ಅವನು ಸ್ವಿಚ್ ಹಾಕಿ ಕಾದ. ಮೊದಲು ವಾಲ್ವಿನೊಳಗಿನ ತಂತಿ ಮಾತ್ರ ಬಿಸಿಯಾಗಬೇಕು, ಆಮೇಲೆ ದೊಡ್ಡ ಕರೆಂಟು ಬಿಡಬೇಕು, ತಣ್ಣಗಿರುವಾಗಲೇ ಹೊಡೆತ ಬಿದ್ದರೆ ಆಯಸ್ಸು ಕಮ್ಮಿ. ಗಾಜಿನೊಳಗೆ ಕಿತ್ತಳೆ ಬೆಳಕು ನಿಧಾನವಾಗಿ ಏರಿತು. ಎಡಗೈ ತಾನಾಗಿ ಪ್ಯಾಂಟಿನ ಜೇಬಿಗೆ ಇಳಿಯಿತು. ತೆರೆದ ಪೆಟ್ಟಿಗೆಯಲ್ಲಿ ಕೈಯಾಡಿಸುವಾಗ ಒಂದು ಕೈ ಜೇಬಿನಲ್ಲೇ ಇರಬೇಕೆಂದು ಭಾವ ಮೊದಲ ದಿನವೇ ಕಲಿಸಿದ್ದ. ಎರಡೂ ಕೈ ಒಳಗಿದ್ದರೆ ಕರೆಂಟು ಒಂದರಿಂದ ಹತ್ತಿ ಎದೆ ಹಾದು ಇನ್ನೊಂದರಿಂದ ಇಳಿಯುತ್ತದೆ. ಅವನು ಅದನ್ನು ಎಷ್ಟು ಚೆನ್ನಾಗಿ ಕಲಿತನೆಂದರೆ ಈಗ ಭಾವನ ಎದುರು ನಿಂತಾಗಲೂ, ಅಕ್ಕ ಅಳುವಾಗಲೂ, ಬೀದಿಯಲ್ಲಿ ಯಾರಾದರೂ ಯಾರನ್ನಾದರೂ ಹೊಡೆಯುವುದನ್ನು ನೋಡುವಾಗಲೂ ಎಡಗೈ ಜೇಬಿನಲ್ಲೇ ಇರುತ್ತದೆ. ಎದೆಯ ಮೂಲಕ ಏನೂ ಹಾದುಹೋಗುವುದಿಲ್ಲ. ಪರೀಕ್ಷೆಗೆಂದು ಇಟ್ಟುಕೊಂಡ ಮೂರೇ ತಂತಿ ಉಳಿದ ಹಳೆಯ ಗಿಟಾರಿನ ದಪ್ಪ ತಂತಿಯನ್ನು ಹೆಬ್ಬೆರಳಿನಲ್ಲಿ ಎಳೆದು ಬಿಟ್ಟ. ಸ್ವರ ದುಂಡಗೆ ಎದ್ದು ಅಂಗಡಿ ತುಂಬಿ, ಡಬ್ಬಿಯಲ್ಲಿದ್ದ ಸಣ್ಣ ಸ್ಕ್ರೂಗಳನ್ನು ಗಿಲಗಿಲಿಸಿ, ಇಳಿಯಲು ಮನಸ್ಸಿಲ್ಲದೆ ಇಳಿಯಿತು. ಅವನು ತಂತಿಯ ಮೇಲೆ ಅಂಗೈ ಅಪ್ಪಳಿಸಿ ಸುಮ್ಮನಾಗಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಅಂದಿರಲಿಲ್ಲ, ಬರೀ ಒಂದು ಸ್ವರ ಎದ್ದಿತ್ತು, ಅಷ್ಟಕ್ಕೇ ಅವನು ಬಾಗಿಲ ಕಡೆ ನೋಡಿದ.

ಕಿತ್ತ ದಿನ ಭಾವ ಹೇಳಿದ್ದು ಇಷ್ಟೇ: “ಆಯಮ್ಮ ವಾರಕ್ಕೆರಡು ಸಂಜೆ ಕ್ಲಬ್ಬಲ್ಲಿ ಯಾವುದೋ ಹಳೇ ರಾಗ ಬಾರಿಸ್ತಾಳೆ. ಜನ ಕುಣಿಯೋದ್ರಲ್ಲಿರ್ತಾರೆ. ಯಾರಿಗೆ ಗೊತ್ತಾಗತ್ತೆ?” ಇವನು ಹೂಂ ಅಂದ. ಆದರೆ ಭಾವನಿಗೆ ಗೊತ್ತಿಲ್ಲದ ಇನ್ನೊಂದನ್ನು ತಾನಾಗಿಯೇ ಮಾಡಿದ್ದ, ಅದೇ ಈಗ ಊಟದ ನಡುವೆ ಕಲ್ಲಿನಂತೆ ಸಿಗುತ್ತದೆ. ವಾಲ್ವು ಸುಮ್ಮನಿರುವಾಗಲೂ ಅದರಲ್ಲಿ ಎಷ್ಟು ಕರೆಂಟು ಹರಿಯುತ್ತಿರಬೇಕೆಂದು ಗೊತ್ತುಮಾಡುವ ಸಣ್ಣ ತಿರುಪೊಂದು ಒಳಗಿರುತ್ತದೆ. ಹೆಚ್ಚಿಸಿದರೆ ದನಿಗೆ ಮೈಬರುತ್ತದೆ, ವಾಲ್ವು ಬೇಗ ಸುಟ್ಟುಹೋಗುತ್ತದೆ. ತಗ್ಗಿಸಿದರೆ ವಾಲ್ವು ತಂಪಾಗಿ ಬಹುಕಾಲ ಬಾಳುತ್ತದೆ, ದನಿ ತೆಳ್ಳಗಾಗಿ ಅಂಚಿನಲ್ಲಿ ಹರಿದ ಕಾಗದದಂತಾಗುತ್ತದೆ. ಪಾಪ, ಸವೆದವು, ಸ್ವಲ್ಪ ದಿನವಾದರೂ ಬರಲಿ ಎಂದು ಅವನು ತಿರುಪನ್ನು ತಗ್ಗಿಸಿದ. ಇನ್ನೂ ತಗ್ಗಿಸಿದ. ಮೀಟರಿನ ಮುಳ್ಳು ಎಡಕ್ಕೆ ಮಲಗುವವರೆಗೆ ತಗ್ಗಿಸಿದ. ಆ ಹೊತ್ತಿಗೆ ಅದು ದಯೆ ಅನ್ನಿಸಿತ್ತು, ಯಾರಿಗೂ ಹೇಳದೆ ಮಾಡಿದ ಪುಣ್ಯ ಅನ್ನಿಸಿತ್ತು, ಆ ರಾತ್ರಿ ನಿದ್ದೆಯೂ ಬಂತು. ಅದನ್ನು ಮುಟ್ಟದೆ ಬಿಟ್ಟಿದ್ದರೆ ಆ ಹಾಳು ವಾಲ್ವುಗಳು ಕೆಲವೇ ವಾರಗಳಲ್ಲಿ ಸತ್ತಿರುತ್ತಿದ್ದವು. ಆಕೆ ಪೆಟ್ಟಿಗೆ ಎಳೆದುಕೊಂಡು ಬಂದು, ಏನ್ರೀ ಇದು, ರಿಪೇರಿನಾ ಇದು ಎಂದು ಬೆಂಚಿನ ಮೇಲೆ ಗುದ್ದಿರುತ್ತಿದ್ದಳು. ಸತ್ತದ್ದನ್ನು ಎಲ್ಲರೂ ನೋಡುತ್ತಾರೆ. ಇವನ ದಯೆಯಿಂದ ಅವು ಸಾಯಲಿಲ್ಲ, ಬಾಳಲೂ ಇಲ್ಲ. ಬರೀ ಮುಂದುವರಿದವು. ಈ ಊರಿನಲ್ಲಿ ಎಷ್ಟೆಲ್ಲ ಹೀಗೆಯೇ ಮುಂದುವರಿಯುತ್ತಿದೆ ಎಂದು ಅವನಿಗೆ ಅನ್ನಿಸಿತು. ಕೂಗದಷ್ಟು ಊಟ, ಬೀಳದಷ್ಟು ನಿದ್ದೆ, ಎದುರಾಡದಷ್ಟು ಸಂಬಳ ಎಂದು ಯಾರೋ ಎಲ್ಲರ ಬೆನ್ನ ಹಲಗೆ ಬಿಚ್ಚಿ ತಿರುಪು ತಗ್ಗಿಸಿಟ್ಟಿದ್ದಾರೆ. ಅದಕ್ಕೆ ಜೋಪಾನ ಎಂದು ಹೆಸರು.

ಹೋದ ತಿಂಗಳು ಕ್ಲಬ್ಬಿನ ಹಾಲಿನವರೆಗೆ ಹೋಗಿಯೂ ಇದ್ದ. ಯಾಕೆ ಹೋದೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಬಾಗಿಲಲ್ಲಿದ್ದವನು ಇವನ ಅಂಗಿಯ ಮೇಲಿನ ಬೆಸುಗೆ ಸೀಸದ ಕಲೆ ನೋಡಿ, “ಲೈಟ್ ರಿಪೇರಿನಾ? ಹಿಂದಿನಿಂದ ಹೋಗು” ಅಂದ. ಇವನು ತಲೆಯಾಡಿಸಿ ಹಿಂದಿನಿಂದಲೇ ಹೋದ. ಅಲ್ಲಿ ಕುರ್ಚಿಗಳನ್ನು ಪೇರಿಸಿಟ್ಟ ಮೂಲೆಯಿಂದ ವೇದಿಕೆಯ ಒಂದು ಬದಿ ಕಾಣುತ್ತಿತ್ತು. ಆಕೆ ನುಡಿಸುತ್ತಿದ್ದಳು. ಬಾಗಿದ ಕತ್ತು, ಮುಂಗೈಯಲ್ಲಿ ಎದ್ದ ನರ, ಎಲ್ಲವೂ ಜೋರಾಗಿ ನುಡಿಸುತ್ತಿದ್ದವು. ಪೆಟ್ಟಿಗೆಯಿಂದ ಬರುತ್ತಿದ್ದದ್ದು ಮಾತ್ರ ಪಕ್ಕದ ಮನೆಯ ರೇಡಿಯೋ. ಕುಣಿಯುವವರು ಹೆಜ್ಜೆ ಸಿಗದೆ ನಿಂತು ನಿಂತು ನಕ್ಕರು. ಒಂದು ಹಾಡು ಮುಗಿದ ಮೇಲೆ ಆಕೆ ಎಡಗೈಯನ್ನು ಬೆಳಕಿಗೆ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿದಳು. ಹಾಗೆ ನೋಡುವುದನ್ನು ಅವನು ಎಲ್ಲಿ ಕಂಡಿದ್ದ? ತಾನೇ, ಬೆಂಚಿನಲ್ಲಿ, ಸಂಶಯದ ವಾಲ್ವುಗಳನ್ನು. ಆಕೆ ತಲೆ ಎತ್ತಿದಂತಾಯಿತು. ಅವನು ಕುರ್ಚಿಗಳ ಸಂದಿನಿಂದ ನುಸುಳಿ ಹೊರಬಿದ್ದು ಬಸ್ ಸ್ಟಾಪಿನವರೆಗೂ ಬೇಗ ಬೇಗ ನಡೆದ. ಓಡಿದರೆ ಕಳ್ಳ ಅನ್ನುತ್ತಾರೆ.

ಅಕ್ಕ ಒಳಮೆಟ್ಟಿಲಿನಿಂದ ಚಹಾ ತಂದಳು. ಲೋಟವನ್ನು ಬೆಂಚಿನ ಅಂಚಿಗೆ, ತಂತಿಗಳಿಂದ ದೂರ, ಯಾವಾಗಲೂ ಇಡುವ ಜಾಗದಲ್ಲೇ ಇಟ್ಟಳು.

“ಏನೋ ಮರಿ, ಮುಖ ಹೀಗೆ ಬಾಡಿದೆ? ರಾತ್ರಿ ಮತ್ತೆ ಎದ್ದು ಓಡಾಡ್ತಿದ್ಯಾ?”

“ಸೆಖೆ ಅಕ್ಕ.”

“ಸೆಖೆಗೆ ಗೋಡೆ ಜೊತೆ ಮಾತಾಡ್ತಾರೇನೋ?” ಎಂದು ಆಕೆ ಪಿಸುಗುಟ್ಟಿ, ಗಂಡ ಕೂತ ಕಡೆ ಒಮ್ಮೆ ನೋಡಿ, ತಮ್ಮನ ಕಾಲರಿನ ಮಡಿಕೆ ಸರಿಮಾಡಿ ಮೇಲೆ ಹೋದಳು. ಹೋಗುವಾಗ ಮೆಟ್ಟಿಲು ಸದ್ದಾಗದ ಹಾಗೆ ಹತ್ತಿದಳು. ಆ ಮನೆಯಲ್ಲಿ ಮೆಟ್ಟಿಲನ್ನು ಸದ್ದು ಮಾಡಿ ಹತ್ತುವವನು ಒಬ್ಬನೇ.

ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ ಗಿಟಾರಿನಾಕೆ ಬಂದಳು. ಪ್ರಯಾಣಿಕರ ಸೂಟ್‌ಕೇಸಿನ ಗಾಲಿಗಾಡಿಗೆ ಪೆಟ್ಟಿಗೆಯನ್ನು ಹಗ್ಗದಿಂದ ಕಟ್ಟಿ, ಬೆನ್ನಿಗೆ ಗಿಟಾರ್ ಏರಿಸಿಕೊಂಡು ಬಿಸಿಲಲ್ಲಿ ಎಳೆದು ತಂದಿದ್ದಳು. ಪೆಟ್ಟಿಗೆಯ ಕೆಳಗೆ ದಪ್ಪ ಕಂಬಳಿಯನ್ನು ಮಡಿಸಿ ಹಾಸಿದ್ದಳು. ವಾಲ್ವಿಗೆ ಕುಲುಕಾಟ ಆಗಬಾರದು ಎಂದು ಇವನೇ ಹೇಳಿಕೊಟ್ಟಿದ್ದು. ಇವನು ಹೇಳಿದ್ದನ್ನೆಲ್ಲ ಆಕೆ ಪಾಲಿಸುತ್ತ ಬಂದಿದ್ದಾಳೆಂದು ಆ ಕಂಬಳಿಯ ಮಡಿಕೆ ನೋಡಿದರೇ ತಿಳಿಯುತ್ತಿತ್ತು. ಅವನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಎದ್ದು, ಎದ್ದದ್ದಕ್ಕೆ ಒಂದು ಕಾರಣ ಬೇಕಾಗಿ, ಡಾಕ್ಟರ ಮಗನ ಪೆಟ್ಟಿಗೆಯ ಧೂಳನ್ನು ಮತ್ತೊಮ್ಮೆ ಒರೆಸಿದ.

“ಬನ್ನಿ ಮೇಡಂ, ಬನ್ನಿ,” ಅಂದ ಭಾವ. “ಮತ್ತೇನು ತೊಂದರೆ ಕೊಡ್ತಿದೆ ನಿಮ್ಮ ಮಗು?”

“ಮಗು ಚೆನ್ನಾಗಿದೆ ಅಂತ ನೀವೇ ಹೇಳಿದ್ರಲ್ಲ.” ಆಕೆ ಕುರ್ಚಿ ಎಳೆದು ಕೂತಳು. ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡಳು. “ತಾಯಿನೇ ಸರಿಯಿಲ್ಲವೇನೋ ಅಂತ ಕೇಳೋಕೆ ಬಂದೆ. ಇವತ್ತು ಸಂಜೆ ಕ್ಲಬ್ಬಿನವರು ಕೂತು ನಾನು ನುಡಿಸೋದನ್ನ ಕೇಳ್ತಾರಂತೆ. ಇಷ್ಟು ವರ್ಷ ನುಡಿಸಿದ ಮೇಲೆ ಪರೀಕ್ಷೆ! ಸರಿ ಬಂದ್ರೆ ಇಟ್ಕೋತಾರೆ, ಇಲ್ಲಾಂದ್ರೆ ಇನ್ಮೇಲೆ ರೆಕಾರ್ಡ್ ಹಾಕಿ ಕುಣೀತಾರಂತೆ. ನಂಗೆ ಒಂದೇ ಒಂದು ಮಾತು ಬೇಕು. ಪೆಟ್ಟಿಗೇಲಿ ಏನಾದ್ರೂ ಐಬಿದ್ಯಾ? ಇದ್ರೆ ಇದೆ ಅನ್ನಿ. ಇಲ್ಲ, ಐಬು ನನ್ನ ಕೈಯಲ್ಲಿದೆ ಅಂದ್ರೆ, ಅವರ ಕೈಲಿ ಹೇಳಿಸ್ಕೊಳ್ಳೋದು ಬೇಡ, ನಾನೇ ಹೋಗಿ ನಮಸ್ಕಾರ ಹೇಳಿ ಬರ್ತೀನಿ.”

“ಕೈ ತೋರಿಸಿದ್ರಾ ಯಾರಿಗಾದ್ರೂ?” ಅಂದ ಭಾವ.

“ತೋರಿಸ್ದೆ. ಬಿಸಿನೀರಲ್ಲಿ ಅದ್ದಿದ್ದೂ ಆಯ್ತು, ಎಣ್ಣೆ ನೀವಿದ್ದೂ ಆಯ್ತು. ಡಾಕ್ಟ್ರು ಹಿಡಿದು ನೋಡಿ, ವಯಸ್ಸಮ್ಮ, ಕೈಗೂ ವಯಸ್ಸಾಗತ್ತೆ ಅಂದ್ರು.”

“ಯಾವ ಡಾಕ್ಟ್ರು, ನಮ್ಮ ಡಾಕ್ಟ್ರೇನಾ? ದೊಡ್ಡ ರಸ್ತೆಯವರು?”

“ಹೂಂ, ಅವರೇ.”

“ಅವರೇ ಹೇಳಿದ ಮೇಲೆ ಮುಗೀತಲ್ಲ!” ಭಾವ ಕೈ ಚೆಲ್ಲಿದ. “ನೋಡಿ ಮೇಡಂ, ಕೆಲವರು ಬರ್ತಾರೆ, ಕುಣೀಲಾರದವಳು ನೆಲ ಡೊಂಕು ಅಂದ ಹಾಗೆ ಎಲ್ಲಾದಕ್ಕೂ ಪೆಟ್ಟಿಗೇನೇ ಬಯ್ತಾರೆ. ನೀವು ಹಾಗಲ್ಲ, ದೊಡ್ಡ ಮನಸ್ಸು. ಪೆಟ್ಟಿಗೆ ಗಟ್ಟಿಮುಟ್ಟಾಗಿದೆ. ನಮ್ಮ ಹುಡುಗನೇ ಕೂತು ಮಾಡಿದ್ದು. ಏನೋ, ಹೇಳೋ. ಜೋಪಾನ ಹೇಗೆ ಮಾಡ್ಬೇಕು ಅಂತ ಇನ್ನೊಂದ್ಸಲ ಹೇಳು ಅವರಿಗೆ. ಅವರು ಮರೆತಿರ್ಬಹುದು.”

ಗಿರಾಕಿಗೆ ಮೊದಲು ತಪ್ಪು ತನ್ನದೇ ಅನ್ನಿಸಬೇಕು, ಆಮೇಲೆ ಅವನು ಕೇಳುವುದೇ ಇಲ್ಲ ಎನ್ನುವುದು ಭಾವನ ವ್ಯಾಪಾರದ ಗುಟ್ಟು, ಈ ಪಾಠ ಅದರ ಅಸ್ತ್ರ. ಇವನ ಬಾಯಿ ತಾನಾಗಿ ತೆರೆದುಕೊಂಡಿತು. ಆನ್ ಮಾಡಿದ ತಕ್ಷಣ ನುಡಿಸಬಾರದು, ಒಂದು ಲೋಟ ನೀರು ಕುಡಿದು ಉಸಿರು ತಗೊಳ್ಳೋಷ್ಟು ಹೊತ್ತು ಕಾಯಲು ಬಿಡಬೇಕು. ಬಿಸಿಯಿದ್ದಾಗ ಎತ್ತಬಾರದು. ಗೋಡೆಗೆ ಒತ್ತಿ ಇಡಬಾರದು, ಬೆನ್ನಿಗೆ ಗಾಳಿ ಆಡಬೇಕು. ಸ್ಪೀಕರ್ ತಂತಿ ಬಿಚ್ಚಿದ್ದಾಗ ಹಚ್ಚಲೇಬಾರದು. ಅವನು ಹೇಳುತ್ತ ಹೋದ, ಆಕೆ ಒಂದೊಂದಕ್ಕೂ ತಲೆಯಾಡಿಸುತ್ತ ಹೋದಳು, ತರಗತಿಯಲ್ಲಿ ಪಾಠ ಒಪ್ಪಿಸುವ ಮಗುವಿನ ಜೊತೆ ತುಟಿ ಅಲ್ಲಾಡಿಸುವ ತಾಯಿಯ ಹಾಗೆ. ಒಂದೂ ತಪ್ಪಿಸಿರಲಿಲ್ಲ ಆಕೆ. ದೋಚಿಸಿಕೊಂಡವಳು ಜೋಪಾನದ ಪಾಠ ಕೇಳುತ್ತಿದ್ದಳು, ದೋಚಿದವನು ಹೇಳುತ್ತಿದ್ದ, ದೋಚಿಸಿದವನು ಹಲ್ಲಿಗೆ ಕಡ್ಡಿ ಹಾಕಿಕೊಂಡು ಕುಳಿತಿದ್ದ. ಇಷ್ಟರಲ್ಲಿ ಇವನಿಗೆ ಭಾವನ ಗಾದೆ ಮತ್ತೆ ಕೇಳಿಸಿತು. ಆಕೆ ನೆಲ ಡೊಂಕು ಅಂದೇ ಇರಲಿಲ್ಲ. ತನ್ನ ಕಾಲನ್ನೇ ದೂರಿಕೊಂಡು, ಎಣ್ಣೆ ನೀವಿಕೊಂಡು, ಬಿಸಿನೀರಿನಲ್ಲಿ ಅದ್ದಿಕೊಂಡು ಕುಣಿಯುತ್ತಲೇ ಇದ್ದಳು. ನೆಲ ಡೊಂಕಾಗಿತ್ತು. ಆ ನೆಲವನ್ನು ಡೊಂಕು ಮಾಡಿದ ಕೈ ಇದೇ, ಈಗ ಜೇಬಿನಲ್ಲಿದೆ.

“ಬಿಸಿಯಿದ್ದಾಗ...” ಅಂದ ಮತ್ತೆ. ಹೇಳಿದ್ದನ್ನೇ ಹೇಳುತ್ತಿದ್ದೇನೆಂದು ಗೊತ್ತಾಗಿ ನಿಲ್ಲಿಸಿದ.

“ಬಿಸಿಯಿದ್ದಾಗ ಎತ್ತಬಾರದು. ಆಯ್ತಪ್ಪ,” ಅಂದಳು ಆಕೆ. “ಯಾವತ್ತೂ ಎತ್ತಿಲ್ಲ. ಎಲ್ಲರೂ ಮನೆಗೆ ಹೋದ ಮೇಲೆ ಖಾಲಿ ಹಾಲಲ್ಲಿ ಇದು ಆರಲಿ ಅಂತ ಕೂತಿರ್ತೀನಿ.” ಎದ್ದು ಗಾಲಿಗಾಡಿಯ ಹಿಡಿಗೆ ಕೈ ಹಾಕಿದಳು. “ಸರಿ ಹಾಗಾದ್ರೆ. ಪೆಟ್ಟಿಗೆ ಚೆನ್ನಾಗಿದೆ. ಅಷ್ಟು ಗೊತ್ತಾದ್ರೆ ಸಾಕಾಗಿತ್ತು.”

ಆಕೆಯ ಮುಖದಲ್ಲಿ ಅಳು ಇರಲಿಲ್ಲ. ಅದೇ ಅವನನ್ನು ಕೆಡಿಸಿತು. ಲೆಕ್ಕ ಒಪ್ಪಿಕೊಂಡವರ ಮುಖ ಅದು, ಊಟದ ತಟ್ಟೆ ತಾನೇ ಎತ್ತಿಕೊಂಡು ಏಳುವ ಅತಿಥಿಯ ಮುಖ. ತಾನು ಏನು ಮಾಡಬೇಕೆಂದು ಅವನು ಯೋಚಿಸಲಿಲ್ಲ. ಯೋಚಿಸಿದ್ದರೆ ಮಾಡುತ್ತಿರಲಿಲ್ಲ. ಬೆಳಗಿನಿಂದ ಬಿಸಿಯಾಗಿಯೇ ಇದ್ದ ಡಾಕ್ಟರ ಮಗನ ಪೆಟ್ಟಿಗೆಗೆ ಸಿಕ್ಕಿಸಿದ್ದ ಕೇಬಲ್ಲಿನ ಇನ್ನೊಂದು ತುದಿಯನ್ನು ಪರೀಕ್ಷೆಯ ಗಿಟಾರಿನಿಂದ ಕಿತ್ತು ಆಕೆಯ ಕಡೆ ಚಾಚಿದ.

“ಇದಕ್ಕೆ ಹಾಕಿ ನೋಡಿ.”

“ಯಾಕಪ್ಪ?”

“ಸುಮ್ನೆ. ಒಂದ್ಸಲ.”

“ಏಯ್, ಅದು ಡಾಕ್ಟರದ್ದು,” ಅಂದ ಭಾವ, ಕಡ್ಡಿ ತೆಗೆಯದೆ. ಆದರೆ ದೊಡ್ಡವರ ಪೆಟ್ಟಿಗೆಯನ್ನು ನಾಲ್ಕು ಜನಕ್ಕೆ ತೋರಿಸುವ ಆಸೆ ಅವನಿಗೂ ಇತ್ತು. “ಸರಿ, ನೋಡಿ ಮೇಡಂ. ಅಂಥದ್ದನ್ನ ಮುಟ್ಟೋಕೂ ಒಂದು ಯೋಗ ಬೇಕು.”

ಆಕೆ ಮನಸ್ಸಿಲ್ಲದೆ ಗಿಟಾರನ್ನು ಚೀಲದಿಂದ ತೆಗೆದಳು. ನಿಂತುಕೊಂಡೇ, ಪಟ್ಟಿ ಹೆಗಲಿಗೆ ಹಾಕದೆ, ಕುರ್ಚಿಯ ಮೇಲಿಟ್ಟ ಕಾಲಿನ ಮೊಣಕಾಲಿಗೆ ಆನಿಸಿಕೊಂಡು, ಸೋತವರು ಬೆರಳು ಆಡಿಸುವ ಹಾಗೆ ಏನನ್ನೋ ನುಡಿಸಿದಳು. ಮೊದಲ ಸ್ವರಕ್ಕೇ ಆಕೆಯ ಬೆನ್ನು ನೆಟ್ಟಗಾಯಿತು. ಎರಡನೆಯದನ್ನು ನುಡಿಸಲಿಲ್ಲ. ಮೊದಲನೆಯದು ಪೂರ್ತಿ ಇಳಿಯುವವರೆಗೆ, ಬೀದಿಯ ಸದ್ದು ಅದರ ಮೇಲೆ ಮುಚ್ಚಿಕೊಳ್ಳುವವರೆಗೆ ಕೇಳಿದಳು. ಆಮೇಲೆ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ನುಡಿಸತೊಡಗಿದಳು. ಅವನು ಬೆಂಚಿನ ಅಂಚು ಹಿಡಿದುಕೊಂಡ. ಕ್ಲಬ್ಬಿನ ಕುರ್ಚಿಗಳ ಹಿಂದಿನಿಂದ ಕೇಳಿದ ಅದೇ ಹಾಡು ಅದು, ಮುಖ ತೊಳೆದುಕೊಂಡು ಬಂದಿತ್ತು. ಅಂಗಡಿಯ ಗಾಜಿನ ಕಪಾಟು ನಡುಗಿತು, ಬೀದಿಯಲ್ಲಿ ಹೋಗುತ್ತಿದ್ದ ಒಬ್ಬಿಬ್ಬರು ನಿಂತು ಒಳಗೆ ಇಣುಕಿದರು. ಆಕೆ ತಟಕ್ಕನೆ ನಿಲ್ಲಿಸಿ ಎಡಗೈಯನ್ನು ಕಣ್ಣೆದುರು ಹಿಡಿದಳು. ಬೆರಳು ಮಡಿಸಲಿಲ್ಲ. ಬರೀ ನೋಡಿದಳು.

“ಇದು ನನ್ನ ದನಿ.”

“ಒಳ್ಳೆ ಪೆಟ್ಟಿಗೆ ಮೇಡಂ. ದುಬಾರಿ ಮಾಲು. ಯಾರು ನುಡಿಸಿದ್ರೂ ಹಾಗೇ ಬರತ್ತೆ.”

“ನಾನು ನಿಮ್ಮನ್ನ ಕೇಳ್ತಿಲ್ಲ.” ಆಕೆ ಭಾವನ ಕಡೆ ತಿರುಗಲಿಲ್ಲ. “ತಮ್ಮಾ, ಇದೆಲ್ಲಿಂದ ಬಂತು ಇದರೊಳಗೆ?”

ಅವನಲ್ಲಿ ಮಾತುಗಳಿದ್ದವು. ವಾಲ್ವು, ತಿರುಪು, ತುರ್ತು, ಅಕ್ಕ, ಎಲ್ಲ ಒಟ್ಟಿಗೆ ಬಾಗಿಲಿಗೆ ನುಗ್ಗಿ ಸಿಕ್ಕಿಹಾಕಿಕೊಂಡವು. ಅವುಗಳ ನಡುವಿನಿಂದ ಒಂದು ಸಣ್ಣದು ನುಸುಳಿತು.

“ಕೈಯಲ್ಲ,” ಅಂದ. “ನಿಮ್ಮ ಕೈಯಲ್ಲ.”

ಆಕೆ ಅವನ ಮುಖವನ್ನು ನೋಡಿದಳು. ಏನೋ ಒಂದು ಸಿಗುತ್ತದೆ ಎಂದು ಅವನು ಕಾದ. ಏನು ಎಂದು ಗೊತ್ತಿರಲಿಲ್ಲ, ಹೋಗ್ಲಿ ಬಿಡಪ್ಪ ಅನ್ನುವಂಥದ್ದು, ಒಂದು ನಿಟ್ಟುಸಿರು. ತನ್ನ ಈ ಕಾಯುವಿಕೆಯೂ ಒಂದು ಬಗೆಯ ದುರಾಸೆ ಎಂದು ಆ ಕ್ಷಣವೇ ಹೊಳೆದು ನಾಚಿಕೆಯಾಯಿತು.

“ಅವತ್ತು ಹಾಲ್ ಹಿಂದೆ ನಿಂತಿದ್ದೆ ನೀನು,” ಅಂದಳು ಆಕೆ. “ನಾನು ನೋಡ್ದೆ. ಕೇಳೋಕೆ ಬಂದಿದ್ದಾನೆ ಪಾಪ, ಇವನೊಬ್ಬನಿಗಾದ್ರೂ ಇಷ್ಟ ಆಯ್ತಲ್ಲ ಅಂದ್ಕೊಂಡು ಆ ರಾತ್ರಿ ಮಲಗಿದೆ.” ದನಿ ಏರಲಿಲ್ಲ. “ತೆಗಿ. ನನ್ನದು ಯಾವುದಿದೆಯೋ ತೆಗೆದು ನನ್ನ ಪೆಟ್ಟಿಗೆಗೆ ಹಾಕು. ನಾನು ಹೋಗ್ಬೇಕು.”

ಅವನು ಸ್ವಿಚ್ ಆರಿಸಿದ. ಉಳಿದ ಕರೆಂಟು ಇಳಿಯಲೆಂದು ಕಾಯುವ ಅಭ್ಯಾಸ ಬೆರಳಿಗೆ ಇನ್ನೂ ಇತ್ತು, ಕಾದ. ಆಕೆಯ ಪೆಟ್ಟಿಗೆಯ ಹಗ್ಗ ಬಿಚ್ಚಿ ಬೆಂಚಿಗೆ ಏರಿಸಿ, ಹಲಗೆ ತೆಗೆದು, ಹಳೆಯ ಹಲ್ಲಿನ ಬಣ್ಣದ ಎರಡನ್ನೂ ಹೊರಗೆಳೆದು ಪಕ್ಕಕ್ಕಿಟ್ಟು, ತಗ್ಗಿಸಿದ್ದ ತಿರುಪನ್ನು ಮೊದಲಿನ ಗುರುತಿಗೆ ಏರಿಸಿದ. ಆಮೇಲೆ ಒರೆಸುವ ಬಟ್ಟೆಯನ್ನು ಅಂಗೈಗೆ ಸುತ್ತಿ ಡಾಕ್ಟರ ಮಗನ ಪೆಟ್ಟಿಗೆಯಿಂದ ಮೊದಲನೆಯದನ್ನು ಕಿತ್ತ. ಬಿಸಿ ಬಟ್ಟೆಯ ಮೂಲಕವೂ ಕಚ್ಚಿತು. ಎರಡೂ ಕೈಗಳು ಕೆಲಸದಲ್ಲಿದ್ದವು.

ಭಾವ ಕಡ್ಡಿ ಉಗುಳಿ ಎದ್ದಿದ್ದ. “ಏನೋ ಮಾಡ್ತಿದ್ದೀಯಾ? ತಲೆ ನೆಟ್ಟಗಿದ್ಯಾ? ಸಂಜೆ ಡ್ರೈವರ್ ಬರ್ತಾನೆ ಅಂದ್ನಲ್ಲ! ವಾಪಸ್ ಹಾಕು. ಮೇಡಂ, ನಿಮಗೆ ಹೊಸದೇ ತರಿಸಿಕೊಡ್ತೀನಿ, ನನ್ನ ಖರ್ಚಲ್ಲೇ. ಇವತ್ತೊಂದು ದಿನ ಹೇಗೋ ಸುಧಾರಿಸಿ.”

“ಇವತ್ತೇ ನನಗಿರೋದು,” ಅಂದಳು ಆಕೆ.

“ಏಯ್, ನಿನಗೇ ಹೇಳ್ತಿರೋದು! ಹೂಂ ಅನ್ನು!”

ಇವನು ಹೂಂ ಅನ್ನಲಿಲ್ಲ. ಅನ್ನದಿರುವುದು ಇಷ್ಟು ಸುಲಭವೆಂದು ತಿಳಿದು ಅವನಿಗೆ ಹೆದರಿಕೆಯಾಯಿತು. ಸರಿಯಾದ ದಿಕ್ಕಿಗೆ ಕೂರಲೆಂದು ವಾಲ್ವಿನ ಬುಡದ ನಡುಗೂಟದ ಏಣನ್ನು ಬೆರಳಿನಲ್ಲಿ ತಡಕಿ, ಮೊದಲನೆಯ ವಾಲ್ವನ್ನು ಆಕೆಯ ಪೆಟ್ಟಿಗೆಯಲ್ಲಿ ಕೂರಿಸಿದ. ಎರಡನೆಯದನ್ನು ಕಿತ್ತ. ಭಾವ ಕೈಹಾಕಿ ಕಸಿಯಲು ಬಂದು, ಬರಿಗೈಗೆ ಗಾಜು ತಾಗಿ ಚುರ್ ಎಂದು ಹಿಂದಕ್ಕೆ ಸರಿದ. ಬಾಗಿಲಲ್ಲಿ ಇಣುಕುತ್ತಿದ್ದವರಲ್ಲಿ ಒಬ್ಬ ಕಿಸಕ್ಕೆಂದ. ಆ ನಗು ಬಿದ್ದದ್ದೇ ಭಾವ ಬೆಂಚು ಬಿಟ್ಟು ಮೆಟ್ಟಿಲ ಬುಡಕ್ಕೆ ಹೋಗಿ ಮಹಡಿಯ ಕಡೆ ಮುಖವೆತ್ತಿ ಕೂಗಿದ.

“ಲೇ, ಬಾರೇ ಇಲ್ಲಿ! ನಿನ್ನ ತಮ್ಮನ ಕಾರುಬಾರು ನೋಡು ಬಾ!”

ಅಕ್ಕ ಇಳಿದು ಬಂದಳು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಗಂಡನ ಮುಖ ನೋಡಿದಳು, ಗಿಟಾರ್ ಹೊತ್ತ ಹೆಂಗಸನ್ನು ನೋಡಿದಳು, ಕೊನೆಗೆ ತಮ್ಮನನ್ನು.

“ಹೇಳು ಅವನಿಗೆ,” ಅಂದ ಭಾವ. “ಆ ಎರಡನ್ನೂ ಎಲ್ಲಿಂದ ತೆಗೆದ್ನೋ ಅಲ್ಲೇ ಹಾಕ್ಬೇಕು. ಇಲ್ಲಾಂದ್ರೆ ಇವತ್ತಿಂದ ಈ ಮೆಟ್ಟಿಲು ಹತ್ತೋದು ಬೇಡ. ನೀನು ಅತ್ತು ಕರೆದು ಮಾಡಿದ್ರೂ ನಾನು ಕೇಳಲ್ಲ.”

ಯಾರದು, ಯಾಕೆ, ಯಾರದು ತಪ್ಪು ಎಂದು ಅಕ್ಕ ಕೇಳಲಿಲ್ಲ. ಆ ಮನೆಯಲ್ಲಿ ಹಾಗೆ ಕೇಳುವ ತಿರುಪನ್ನು ಯಾವತ್ತೋ ತಗ್ಗಿಸಲಾಗಿತ್ತು. ಆಕೆ ಬೆಂಚಿನ ಹತ್ತಿರ ಬಂದು ತಮ್ಮನ ಮುಂದೆ ಅಂಗೈ ಒಡ್ಡಿದಳು. ಒಲೆಯ ಕೆಲಸದಲ್ಲಿ ಸುಟ್ಟು ವಾಸಿಯಾದ ಕಲೆಗಳು ಆ ಅಂಗೈಯ ಅಂಚಿನಲ್ಲಿದ್ದವು. ಅವನಿಗೆ ಊಟ ಹಾಕಿದ ಕೈ, ಜ್ವರ ಬಂದಾಗ ಹಣೆ ಮುಟ್ಟಿದ ಕೈ. ಭಾವನ ಮಾತು ಮೀರಿದರೆ ಏನಾಗುತ್ತದೆಂದು ಅವನು ಮನಸ್ಸಿನಲ್ಲೇ ನೂರು ಸಲ ಆಡಿ ನೋಡಿದ್ದ. ಈ ಅಂಗೈಯನ್ನು ಮಾತ್ರ ಒಮ್ಮೆಯೂ ನೆನೆದಿರಲಿಲ್ಲ.

“ಕೊಡೋ ಮರಿ,” ಅಂದಳು. “ನಾನೇ ನಿನ್ನ ಭಾವನಿಗೆ ಕೊಟ್ಬಿಡ್ತೀನಿ. ನನಗೋಸ್ಕರ ಕಣೋ. ಆಮೇಲೆ ನಾನು ಈ ಮನೇಲಿ ಹೇಗಿರ್ಲಿ?”

ಅಕ್ಕನ ಅಂಗೈ ಬೆಂಚಿನ ಮೇಲೆ ಹಾಗೆಯೇ ತೆರೆದಿತ್ತು. ವಾಲ್ವು ಅವನ ಮುಷ್ಟಿಯಲ್ಲಿ ಇನ್ನೂ ಸುಡುತ್ತಿತ್ತು.

“ಹೇಗಿರ್ತೀಯೋ ಗೊತ್ತಿಲ್ಲ ಅಕ್ಕ,” ಅಂದ ಅವನು. “ಕೊಡಲ್ಲ.”